ಕಿತ್ತಷ್ಟೂ ಬರುವ ಜೇಕು: ದೋಷ ಎಲ್ಲಿದೆ, ಪತ್ತೆ ಹಚ್ಚುವುದು ಹೇಗೆ

ಜೇಕು ಎನ್ನಿ, ತುಂಗೆ ಎನ್ನಿ, ಕೊನ್ನಾರಿ ಗಡ್ಡೆ ಎನ್ನಿ, ದೂರು ಮಾತ್ರ ಎಲ್ಲ ಊರಲ್ಲೂ ಒಂದೇ: ಕಳೆ ತೆಗೆಸಿದ ವಾರದೊಳಗೆ ಸಾಲಿನ ನಡುವೆ ಮತ್ತೆ ಹಸಿರು ಮೊನೆ ಎದ್ದಿರುತ್ತದೆ. ಸಸ್ಯಶಾಸ್ತ್ರದಲ್ಲಿ ಸೈಪೆರಸ್ ರೊಟಂಡಸ್ ಎನ್ನುವ ಈ ಗಿಡ 92 ದೇಶಗಳಲ್ಲಿ 52 ಬೆಳೆಗಳ ಕಳೆಯಾಗಿ ದಾಖಲಾಗಿದೆ. ಇದರ ಬಲವೆಲ್ಲ ನೆಲದಡಿಯ ಗಡ್ಡೆಯಲ್ಲಿದೆ. ಮೇಲೆ ಕಾಣುವ ಎಲೆ ಆ ಗಡ್ಡೆಗೆ ಊಟ ಒದಗಿಸುವ ಭಾಗವಷ್ಟೇ. ಹಾಗಾಗಿ ಮುಂದಿನ ಪ್ರತಿ ಲಕ್ಷಣಕ್ಕೂ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಗಡ್ಡೆ ಎಲ್ಲಿಂದ ಬಂತು, ಅದಕ್ಕೆ ಊಟ ಹೇಗೆ ಸಿಗುತ್ತಿದೆ? ಗುದ್ದಲಿ ಹಿಡಿದು ನೋಡುವ ಪರೀಕ್ಷೆಗಳನ್ನು ಮೊದಲು ಮುಗಿಸಿ. ಔಷಧಿ ಅಂಗಡಿಗೆ ಹೋಗುವುದು ಆಮೇಲೆ.

ಮೊದಲು ನೋಡಿ: ಇದು ಜೇಕೋ, ಹುಲ್ಲೋ?

ಹೂವಿನ ದಂಟನ್ನು ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ಹೊರಳಿಸಿ. ಮೂರು ಅಂಚು ಬೆರಳಿಗೆ ತಾಗಿದರೆ, ದಂಟಿನಲ್ಲಿ ಗಂಟೇ ಇಲ್ಲದಿದ್ದರೆ, ಬುಡದಿಂದ ಎಲೆಗಳು ಮೂರು ದಿಕ್ಕಿಗೆ ಎದ್ದಿದ್ದರೆ ಅದು ಜೇಕಿನ ಜಾತಿ. ಗರಿಕೆಯಂಥ ಹುಲ್ಲಿನ ದಂಟು ದುಂಡಗಿದ್ದು ಗೆಣ್ಣು ಗೆಣ್ಣಾಗಿರುತ್ತದೆ, ಎಲೆ ಎರಡೇ ಸಾಲಿನಲ್ಲಿ ಬರುತ್ತದೆ.

ಇದನ್ನು ಗುರುತಿಸದೆ ದುಡ್ಡು ಕಳೆದುಕೊಳ್ಳುವವರು ಬಹಳ. ಈರುಳ್ಳಿ, ಶೇಂಗಾ, ಸೋಯಾ ಹೊಲದಲ್ಲಿ ಹುಲ್ಲು ಸಾಯಿಸಲು ಹೊಡೆಯುವ ಕ್ವಿಜಾಲೊಫಾಪ್ ಈಥೈಲ್‌ನಂಥ ಔಷಧಿಗಳು ಜೇಕಿನ ಮೇಲೆ ಕೆಲಸ ಮಾಡುವುದಿಲ್ಲ. ಹುಲ್ಲೆಲ್ಲ ಒಣಗಿ ಜೇಕೊಂದೇ ಹಸಿರಾಗಿ ನಿಂತಿದ್ದರೆ ಔಷಧಿ ನಕಲಿ ಎಂದು ಅಂಗಡಿಯವರೊಡನೆ ಜಗಳಕ್ಕೆ ಹೋಗಬೇಡಿ. ಅದು ಜೇಕಿನ ಔಷಧಿಯೇ ಅಲ್ಲ.

ಆಮೇಲೆ ಒಂದು ಗಿಡವನ್ನು ಕೀಳದೆ ಅಗೆಯಿರಿ. ಒಂದು ಅಡಿ ಉದ್ದ, ಒಂದು ಅಡಿ ಅಗಲ, ಮುಕ್ಕಾಲು ಅಡಿ ಆಳದ ಮಣ್ಣನ್ನು ಗೋಣಿಚೀಲದ ಮೇಲೆ ಸುರಿದು ಕೈಯಿಂದ ಬಿಡಿಸಿ. ಗಿಡದ ಬುಡದಲ್ಲಿ, ಮಣ್ಣಿನಿಂದ ಎರಡು ಮೂರು ಸೆಂ.ಮೀ. ಕೆಳಗೆ, ಒಂದು ಉಬ್ಬು ಕಾಣುತ್ತದೆ. ಅಲ್ಲಿಂದ ತಂತಿಯಂತೆ ಗಟ್ಟಿಯಾದ ಎಳೆ ಹೊರಟು ಒಂದು ಗಡ್ಡೆ, ಮತ್ತೆ ಎಳೆ, ಮತ್ತೆ ಗಡ್ಡೆ ಎಂದು ಮಣಿಸರದ ಹಾಗೆ ಸಾಗುತ್ತದೆ. ಗಡ್ಡೆ ಕಂದುಗಪ್ಪಾಗಿ, ಮುರಿದರೆ ಒಳಗೆ ಬಿಳಿಯಾಗಿ ಗಾಢ ವಾಸನೆ ಬಂದರೆ ಅದೇ ತುಂಗೆಯ ಜೇಕು. ಗಡ್ಡೆ ಎಳೆಯ ತುದಿಯಲ್ಲಿ ಒಂಟಿಯಾಗಿದ್ದು, ಹೂಗೊಂಚಲು ಹುಲ್ಲಿನ ಹಳದಿ ಬಣ್ಣಕ್ಕಿದ್ದರೆ ಅದು ಸೈಪೆರಸ್ ಎಸ್ಕ್ಯುಲೆಂಟಸ್, ತುಂಗೆಯ ಹತ್ತಿರದ ಸಂಬಂಧಿ. ತುಂಗೆಯ ಹೂ ಕೆಂಪು ಬೆರೆತ ಕಂದು. ಗಡ್ಡೆಯೇ ಇಲ್ಲದೆ ಬರೀ ನಾರುಬೇರಿದ್ದರೆ ಅದು ಬೀಜದಿಂದ ಬರುವ ವಾರ್ಷಿಕ ಜೇಕು. ಅದರ ಚಿಕಿತ್ಸೆಯೇ ಬೇರೆ, ಕೆಳಗೆ ಭತ್ತದ ಗದ್ದೆಯ ಭಾಗ ನೋಡಿ.

ಸಿಕ್ಕ ಗಡ್ಡೆಗಳನ್ನು ಎಣಿಸಿ ಬರೆದಿಡಿ. ಮುಂದೆ ಏನೇ ಮಾಡಿದರೂ ಅದು ಫಲಿಸಿತೋ ಇಲ್ಲವೋ ಎಂದು ಹೇಳುವುದು ಈ ಲೆಕ್ಕವೇ. ಎಲೆ ಒಣಗಿದ್ದನ್ನು ನೋಡಿ ಗೆದ್ದೆವು ಅಂದುಕೊಳ್ಳಬಾರದು.

ಲಕ್ಷಣ: ಕಿತ್ತ ಎರಡು ಮೂರು ದಿನಕ್ಕೇ ಮತ್ತೆ ಚಿಗುರು

ಕಿತ್ತ ಗಿಡವನ್ನೇ ಕೈಯಲ್ಲಿ ಹಿಡಿದು ಬುಡ ನೋಡಿ. ಬಿಳಿ ಕಾಂಡ ಕತ್ತರಿಸಿದಂತೆ ಕೊನೆಯಾಗಿದ್ದರೆ ಬುಡದ ಉಬ್ಬು ಮಣ್ಣಲ್ಲೇ ಉಳಿದಿದೆ, ಅದರಿಂದಲೇ ಎಲೆ ಮರಳಿದೆ. ಉಬ್ಬು ಬಂದಿದ್ದು ಗಡ್ಡೆ ಬಾರದಿದ್ದರೆ ಚಿಗುರು ಬರಲು ಇನ್ನೂ ಕೆಲವು ದಿನ ಹಿಡಿಯುತ್ತದೆ, ಆದರೆ ಬಂದೇ ಬರುತ್ತದೆ. ಒಂದೊಂದು ಗಡ್ಡೆಗೂ ಹಲವು ಕಣ್ಣುಗಳಿವೆ. ಒಂದು ಚಿಗುರು ಹೋದರೆ ಇನ್ನೊಂದು ಕಣ್ಣು ಎಚ್ಚರಾಗುತ್ತದೆ.

ಹಾಗೆಂದು ಕೀಳುವುದು ವ್ಯರ್ಥವಲ್ಲ. ತಪ್ಪುವುದು ಅಂತರದಲ್ಲಿ. ಚಿಗುರಿ ಸುಮಾರು ಮೂರು ವಾರವಾಗುವ ಹೊತ್ತಿಗೆ ಗಿಡ ಹೊಸ ಗಡ್ಡೆ ಕಟ್ಟಲು ಶುರುಮಾಡುತ್ತದೆ. ಬಿತ್ತಿ ಒಂದು ತಿಂಗಳಿಗೆ ಒಂದು ಕಳೆ, ಎರಡು ತಿಂಗಳಿಗೆ ಇನ್ನೊಂದು ಎನ್ನುವ ವಾಡಿಕೆಯಲ್ಲಿ ಪ್ರತಿ ಸಲವೂ ಜೇಕಿಗೆ ಹೊಸ ಗಡ್ಡೆ ಕಟ್ಟುವಷ್ಟು ಸಮಯ ಸಿಗುತ್ತದೆ. ಎರಡು ವಾರಕ್ಕೊಮ್ಮೆ, ಎಲೆ ಐದಾರು ಆಗುವ ಮೊದಲೇ, ಕುರ್ಚಿಗೆಯಿಂದ ಬುಡದ ಉಬ್ಬು ಸೇರಿಸಿ ತೆಗೆದರೆ ಗಡ್ಡೆ ಕೂಡಿಟ್ಟದ್ದನ್ನೇ ಖರ್ಚು ಮಾಡಬೇಕಾಗುತ್ತದೆ. ಕೈತೋಟ, ಹೂವಿನ ಮಡಿ, ಒಂದೆರಡು ಗುಂಟೆಯ ತರಕಾರಿಗೆ ಇಷ್ಟೇ ಸಾಕು. ಒಂದು ಹಂಗಾಮು ಬಿಡದೆ ಮಾಡಬೇಕು, ನಡುವೆ ಒಂದು ತಿಂಗಳು ಬಿಟ್ಟರೆ ಲೆಕ್ಕ ಮೊದಲಿಗೆ ಬರುತ್ತದೆ.

ಕಿತ್ತದ್ದನ್ನು ಬದುವಿಗೆ ಎಸೆಯಬೇಡಿ, ತಿಪ್ಪೆಗಂತೂ ಬೇಡವೇ ಬೇಡ. ಬಂಡೆಯ ಮೇಲೋ ಸಿಮೆಂಟ್ ಅಂಗಳದಲ್ಲೋ ತೆಳ್ಳಗೆ ಹರಡಿ ಎರಡು ವಾರ ಬಿಸಿಲಿಗೆ ಬಿಡಿ. ಆಮೇಲೆ ಒಂದೆರಡು ಗಡ್ಡೆ ಮುರಿದು ನೋಡಿ. ಒಳಗೆ ಬಿಳಿಯಾಗಿ ಗಟ್ಟಿಯಿದ್ದರೆ ಜೀವ ಇನ್ನೂ ಇದೆ, ಕಂದಾಗಿ ಸುಕ್ಕುಗಟ್ಟಿದ್ದರೆ ಸತ್ತಿದೆ.

ಲಕ್ಷಣ: ಉಳುಮೆ ಮಾಡಿಸಿದ ಮೇಲೆ ಎರಡರಷ್ಟಾಯಿತು

ಸರದಲ್ಲಿರುವ ಗಡ್ಡೆಗಳೆಲ್ಲ ಒಟ್ಟಿಗೆ ಚಿಗುರುವುದಿಲ್ಲ. ತುದಿಯ ಗಡ್ಡೆ ಚಿಗುರಿರುವಾಗ ಉಳಿದವು ಮಲಗಿರುತ್ತವೆ. ರೋಟವೇಟರ್‌ನ ಅಲಗು ಆ ಸರವನ್ನು ತುಂಡು ಮಾಡಿದಾಗ ಪ್ರತಿ ಗಡ್ಡೆಯೂ ಸ್ವತಂತ್ರವಾಗಿ ಏಳುತ್ತದೆ. ಅಷ್ಟಲ್ಲದೆ ಒಂದು ಮೂಲೆಯ ಗಡ್ಡೆಗಳನ್ನು ಹೊಲದ ತುಂಬ ಎಳೆದು ಹರಡುತ್ತದೆ. ಜೇಕು ಉಳುಮೆಯ ಸಾಲಿನ ಉದ್ದಕ್ಕೇ ಪಟ್ಟಿಯಾಗಿ ಎದ್ದಿದ್ದರೆ ಕಾರಣ ಇದೇ ಎಂದು ಖಾತ್ರಿ ಮಾಡಿಕೊಳ್ಳಿ.

ಹಸಿ ಹದದಲ್ಲಿ ರೋಟವೇಟರ್ ಹೊಡೆಸುವುದನ್ನು ನಿಲ್ಲಿಸಿ. ಅದೇ ಉಳುಮೆಯನ್ನು ಬೇಸಿಗೆಯಲ್ಲಿ, ಒಣ ಮಣ್ಣಿನಲ್ಲಿ, ಮಣ್ಣು ಮಗುಚುವ ನೇಗಿಲಿನಿಂದ ಮಾಡಿದರೆ ಫಲವೇ ಬೇರೆ. ತುಂಗೆಯ ಗಡ್ಡೆಗೆ ಒಣಗುವುದನ್ನು ತಡೆದುಕೊಳ್ಳಲು ಆಗುವುದಿಲ್ಲ. ಹೆಚ್ಚಿನ ಗಡ್ಡೆಗಳು ಮೇಲಿನ 15 ಸೆಂ.ಮೀ. ಮಣ್ಣಿನಲ್ಲೇ ಇರುವುದರಿಂದ 15ರಿಂದ 20 ಸೆಂ.ಮೀ. ಆಳಕ್ಕೆ ಮಗುಚಿದರೆ ಬಹುಪಾಲು ಮೇಲೆ ಬರುತ್ತವೆ. ಮಾರ್ಚ್, ಏಪ್ರಿಲ್ ತಿಂಗಳಲ್ಲಿ ಒಮ್ಮೆ ಮಗುಚಿ, ಎರಡು ವಾರ ಬಿಟ್ಟು ಅಡ್ಡಲಾಗಿ ಇನ್ನೊಮ್ಮೆ ಮಗುಚಿ. ಕೆಂಪು ಮರಳು ಮಣ್ಣಾದರೆ ಹಲುಬೆ ಹೊಡೆದು ಗಡ್ಡೆಗಳನ್ನು ಬದಿಗೆ ಎಳೆದು ಆಯ್ದುಕೊಳ್ಳಬಹುದು. ಕಪ್ಪು ಮಣ್ಣಿನಲ್ಲಿ ತೊಂದರೆ ಇರುವುದು ದೊಡ್ಡ ಹೆಂಟೆಗಳಲ್ಲಿ: ಹೊರಗೆ ಒಣಗಿದ ಹೆಂಟೆಯ ಒಳಗೆ ಗಡ್ಡೆ ತಂಪಾಗಿ ಕೂತಿರುತ್ತದೆ. ಒಂದು ಹೆಂಟೆ ಒಡೆದು ಒಳಗಿನ ಗಡ್ಡೆ ಮುರಿದು ನೋಡಿ, ಬಿಳಿಯಿದ್ದರೆ ಹೆಂಟೆ ಒಡೆಯುವ ಕೆಲಸ ಬಾಕಿಯಿದೆ.

ನಡುವೆ ಅಡ್ಡಮಳೆ ಬಿದ್ದರೆ ಒಣಗಿಸುವ ಕೆಲಸ ಅಲ್ಲಿಗೆ ಕೆಡುತ್ತದೆ. ಆಗ ಮತ್ತೆ ಉಳಬೇಡಿ. ಚಿಗುರು ಪೂರ್ತಿ ಏಳಲಿ, ನಾಲ್ಕೈದು ಎಲೆ ಬರಲಿ, ಆಮೇಲೆ ಕುಂಟೆ ಹೊಡೆದು ಬುಡ ಕತ್ತರಿಸಿ, ಆಮೇಲೆ ಬಿತ್ತಿ. ಬಿತ್ತನೆ ಒಂದು ವಾರ ತಡವಾದರೂ ಇದು ಲಾಭದ ಲೆಕ್ಕವೇ.

ಲಕ್ಷಣ: ಎಂದೂ ಇಲ್ಲದ ಜಾಗದಲ್ಲಿ ಈ ವರ್ಷ ಕಾಣಿಸಿತು

ತುಂಗೆ ಹೂ ಬಿಟ್ಟರೂ ಅದರ ಬೀಜ ಮೊಳೆಯುವುದು ತೀರಾ ಅಪರೂಪ. ಆದ್ದರಿಂದ ಗಾಳಿಯಲ್ಲಿ ಬಂತು ಎನ್ನುವ ಸಮಜಾಯಿಷಿ ನಿಲ್ಲುವುದಿಲ್ಲ. ಯಾರೋ ಯಾವುದೋ ರೂಪದಲ್ಲಿ ಗಡ್ಡೆ ತಂದಿದ್ದಾರೆ. ಜೇಕು ಎಲ್ಲೆಲ್ಲಿ ಎದ್ದಿದೆ ಎಂದು ಒಮ್ಮೆ ಸುತ್ತಾಡಿ ನೋಡಿದರೆ ದಾರಿ ಹೊಳೆಯುತ್ತದೆ. ಗಿಡದ ಬುಡಕ್ಕಷ್ಟೇ ವೃತ್ತವಾಗಿ ಎದ್ದಿದ್ದರೆ ನರ್ಸರಿಯ ಚೀಲದ ಮಣ್ಣು. ಗುಪ್ಪೆ ಗುಪ್ಪೆಯಾಗಿ ಎದ್ದಿದ್ದರೆ ಗೊಬ್ಬರ ಅಥವಾ ಕೆರೆಗೋಡು ಸುರಿದ ಜಾಗ. ಹೊಲದ ಬಾಯಿಯಿಂದ ಒಳಕ್ಕೆ ಸಾಲಾಗಿದ್ದರೆ ಬಾಡಿಗೆ ಟ್ರ್ಯಾಕ್ಟರಿನ ಕಲ್ಟಿವೇಟರ್‌ಗೆ ಅಂಟಿದ ಮಣ್ಣು. ಕಾಲುವೆಯ ಬದಿಗಷ್ಟೇ ಇದ್ದರೆ ನೀರಿನೊಡನೆ ಬಂದದ್ದು.

ಗೊಬ್ಬರದ ಮೇಲೆ ಅನುಮಾನವಿದ್ದರೆ ಖರ್ಚಿಲ್ಲದ ಪರೀಕ್ಷೆ ಇದೆ. ತಿಪ್ಪೆಯ ನಾಲ್ಕು ಕಡೆಯಿಂದ, ಮುಖ್ಯವಾಗಿ ಅಂಚಿನಿಂದ ಗೊಬ್ಬರ ತೆಗೆದು, ಒಂದು ಬಾಂಡ್ಲಿಯಲ್ಲಿ ಮಣ್ಣಿನೊಡನೆ ಬೆರೆಸಿ, ನೀರು ಚಿಮುಕಿಸುತ್ತ ಮೂರು ವಾರ ಇಡಿ. ಮೊನೆ ಎದ್ದರೆ ಉತ್ತರ ಸಿಕ್ಕಿತು. ಗಡ್ಡೆ ಸಾಯಲು 60 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಬಿಸಿ ತಾಗಬೇಕು. ಚೆನ್ನಾಗಿ ಬೆಂದ ಗುಡ್ಡೆಯ ನಡುವೆ ಅಷ್ಟು ಬಿಸಿ ಇರುತ್ತದೆ, ಅಂಚಿನಲ್ಲಿ ಇರುವುದಿಲ್ಲ. ಅದಕ್ಕೇ ತಿಪ್ಪೆಯನ್ನು ಎರಡು ಮೂರು ಸಲ ಮಗುಚಿ ಹೊರಗಿನದನ್ನು ಒಳಗೆ ಹಾಕಬೇಕು.

ಹೊಸದಾಗಿ ಕಂಡ ಜಾಗ ಚಿಕ್ಕದಿರುವಾಗಲೇ ಗುದ್ದಲಿ ಹಿಡಿಯಿರಿ. ಕಾಣುವ ಗಿಡದಿಂದ ಎರಡು ಅಡಿ ಹೊರಗಿನಿಂದ ಶುರುಮಾಡಿ ಒಂದು ಅಡಿ ಆಳ ಅಗೆದು, ಮಣ್ಣನ್ನು ಜರಡಿ ಹಿಡಿದು ಗಡ್ಡೆ ಆರಿಸಿ. ನಡುವಿನಿಂದ ಅಗೆಯುತ್ತ ಹೊರಗೆ ಬಂದರೆ ಅಂಚಿನ ಗಡ್ಡೆ ತಪ್ಪಿಹೋಗುತ್ತದೆ.

ಲಕ್ಷಣ: ಮಲ್ಚಿಂಗ್ ಶೀಟ್‌ನಲ್ಲಿ ಸೂಜಿ ಚುಚ್ಚಿದಂತೆ ತೂತುಗಳು

ಶೀಟ್ ಕಳಪೆ ಎಂದು ತೀರ್ಮಾನಿಸುವ ಮೊದಲು ತೂತಿನ ಕೆಳಗೆ ನೋಡಿ. ಕತ್ತಲಲ್ಲಿ ಬೆಳೆಯುವ ಜೇಕಿನ ಮೊನೆ ಎಲೆ ಬಿಚ್ಚದೆ ಚೂಪಾಗಿಯೇ ಮೇಲೇರುತ್ತದೆ. ತರಕಾರಿಗೆ ಹಾಸುವ 25, 30 ಮೈಕ್ರಾನ್ ಕಪ್ಪು ಅಥವಾ ಬೆಳ್ಳಿ-ಕಪ್ಪು ಶೀಟ್ ಆ ಚೂಪಿಗೆ ತಡೆಯಾಗುವುದಿಲ್ಲ. ಪಾರದರ್ಶಕ ಹಾಳೆಯಡಿ ಬೆಳಕು ತಾಗಿದೊಡನೆ ಎಲೆ ಬಿಚ್ಚಿಕೊಳ್ಳುತ್ತದೆ, ಚೂಪು ಹೋಗುತ್ತದೆ, ಹಾಳೆಗೆ ಅಂಟಿ ಬಿಸಿಗೆ ಬೇಯುತ್ತದೆ.

ಆದ್ದರಿಂದ ಶೀಟ್ ಹಾಸುವ ಮೊದಲು ಮಡಿಗೆ ನೀರು ಕೊಟ್ಟು ಎರಡು ಮೂರು ವಾರ ಕಾದು, ಎದ್ದ ಜೇಕು ತೆಗೆದು ಆಮೇಲೆ ಹಾಸಿ. ಸಸಿಮಡಿಯ ಜಾಗವಾದರೆ ಬಿಸಿಲಿಗೆ ಬೇಯಿಸುವುದು ಇನ್ನೂ ಒಳ್ಳೆಯದು: ಏಪ್ರಿಲ್, ಮೇ ತಿಂಗಳಲ್ಲಿ ಹೆಂಟೆ ಒಡೆದು ಸಮ ಮಾಡಿ, ನೀರುಣಿಸಿ, 25ರಿಂದ 50 ಮೈಕ್ರಾನಿನ ಪಾರದರ್ಶಕ ಹಾಳೆಯನ್ನು ಮಣ್ಣಿಗೆ ತಾಗುವಂತೆ ಎಳೆದು ಹಾಸಿ, ಅಂಚುಗಳನ್ನು ಗೇಣುದ್ದ ಮಣ್ಣಲ್ಲಿ ಹೂತು, 4ರಿಂದ 6 ವಾರ ಬಿಡಿ. ಬಿಸಿ ಆಳಕ್ಕೆ ಇಳಿದಂತೆ ಕಡಿಮೆಯಾಗುವುದರಿಂದ ಕೆಳಗಿನ ಗಡ್ಡೆ ಕೆಲವು ಉಳಿಯುತ್ತವೆ. ಅನಂತರ ಆ ಮಡಿಯನ್ನು ಆಳವಾಗಿ ಅಗೆಯಬೇಡಿ.

ಶೀಟ್ ಹಾಸಿದ ಮೇಲೆ ತೂರಿ ಬಂದದ್ದನ್ನು ಮೇಲಿನಿಂದ ಎಳೆದರೆ ತೂತು ಹರಿದು ದೊಡ್ಡದಾಗುತ್ತದೆ. ಸಸಿಯ ಕಂಡಿಯಿಂದ ಕೈ ಹಾಕಿ ತೆಗೆಯಿರಿ, ಕೈ ತಲುಪದಿದ್ದಲ್ಲಿ ಶೀಟ್ ಮಟ್ಟಕ್ಕೆ ಕತ್ತರಿಸುತ್ತಿರಿ.

ಲಕ್ಷಣ: ಔಷಧಿ ಹೊಡೆದರೂ ಸಾಯಲಿಲ್ಲ

ಎಲೆ ಹೇಗೆ ಕೆಟ್ಟಿತು ಎಂಬುದರಲ್ಲೇ ಅರ್ಧ ಉತ್ತರವಿದೆ.

ಒಂದೆರಡು ದಿನದಲ್ಲೇ ಸುಟ್ಟಂತಾಗಿ, ವಾರದಲ್ಲಿ ಹೊಸ ಎಲೆ ಬಂದಿದ್ದರೆ ನೀವು ಹೊಡೆದದ್ದು ತಾಗಿದ ಜಾಗವನ್ನಷ್ಟೇ ಸುಡುವ ಔಷಧಿ. ಪ್ಯಾರಾಕ್ವಾಟ್ ಆ ಬಗೆಯದು, ಗಡ್ಡೆಗೆ ಅದು ಇಳಿಯುವುದೇ ಇಲ್ಲ. ಜೇಕಿಗಾಗಿ ಅದನ್ನು ಮುಟ್ಟಲೇಬೇಡಿ. ಕೆಲಸವೂ ಆಗುವುದಿಲ್ಲ, ಬಾಯಿಗೆ ಹೋದರೆ ಪ್ರತಿವಿಷವೂ ಇಲ್ಲ. 2,4-ಡಿ ಹೊಡೆದಾಗಲೂ ಮೇಲಿನ ಗಿಡ ಬಾಡುತ್ತದೆ, ಗಡ್ಡೆಗಳು ಬಹುಪಾಲು ಉಳಿಯುತ್ತವೆ.

ಎಲೆ ನಿಧಾನವಾಗಿ ಹಳದಿಯಾಗಿ ಎರಡು ಮೂರು ವಾರದಲ್ಲಿ ಒಣಗುತ್ತಿದ್ದರೆ ಔಷಧಿ ಸರಿ, ತಾಳ್ಮೆ ಬೇಕು. ಕಬ್ಬು ಮತ್ತು ಮೆಕ್ಕೆಜೋಳದಲ್ಲಿ ತುಂಗೆಗೆಂದೇ ಬಳಕೆಯಲ್ಲಿರುವ ಹ್ಯಾಲೋಸಲ್ಫ್ಯೂರಾನ್ ಮೀಥೈಲ್ 75% ಹೀಗೇ ಕೆಲಸ ಮಾಡುತ್ತದೆ. ನಾಲ್ಕನೇ ದಿನಕ್ಕೆ ಏನೂ ಆಗಿಲ್ಲವೆಂದು ಎಡೆಕುಂಟೆ ಹೊಡೆದರೆ ಗಡ್ಡೆಗೆ ಇಳಿಯಬೇಕಾದ ಔಷಧಿಯ ದಾರಿಯನ್ನೇ ಕತ್ತರಿಸಿದಂತೆ. ಎರಡು ವಾರವಾದರೂ ಮುಟ್ಟಬೇಡಿ.

ಎರಡು ವಾರವಾದರೂ ಹಸಿರಾಗೇ ಇದ್ದರೆ ಈ ಕ್ರಮದಲ್ಲಿ ನೋಡುತ್ತ ಬನ್ನಿ. ಎಲೆ ಸಾಕಷ್ಟಿತ್ತೇ? ಮೂರರಿಂದ ಆರು ಎಲೆಯ ಹಂತ ಸರಿಯಾದ ಕಾಲ. ಕಳೆ ತೆಗೆದ ಮರುದಿನ ಹೊಡೆದರೆ ಔಷಧಿ ಕೂರಲು ಎಲೆಯೇ ಇರುವುದಿಲ್ಲ, ಹೂ ಬಿಟ್ಟು ಬಲಿತ ಮೇಲೆ ಹೊಡೆದರೆ ಹೊಸ ಗಡ್ಡೆ ಆಗಲೇ ಕಟ್ಟಿರುತ್ತದೆ. ಮಣ್ಣಲ್ಲಿ ಹದವಿತ್ತೇ? ಬಾಡಿದ ಗಿಡದಲ್ಲಿ ಔಷಧಿ ಹರಿಯುವುದಿಲ್ಲ. ಹೊಡೆದ ನಾಲ್ಕು ಗಂಟೆಯೊಳಗೆ ಮಳೆ ಬಂತೇ? ನಾಝಲ್ ಯಾವುದು? ಕೀಟನಾಶಕ ಹೊಡೆಯುವ ಟೊಳ್ಳು ಕೋನದ ನಾಝಲ್ ಕಳೆಗೆ ಬೇಡ. ಚಪ್ಪಟೆ ಬೀಸಣಿಗೆಯಂತೆ ಹರಡುವುದನ್ನು ಹಾಕಿ.

ಇಷ್ಟೂ ಸರಿಯಿದ್ದರೆ ಅಳತೆ ನೋಡಿ. ಹೆಚ್ಚಿನ ತಪ್ಪು ಸಿಗುವುದು ಇಲ್ಲೇ. ಹ್ಯಾಲೋಸಲ್ಫ್ಯೂರಾನ್ ಎಕರೆಗೆ 36 ಗ್ರಾಂ. ಮೊದಲು ಬರೀ ನೀರು ತುಂಬಿ, ಎಂದಿನ ನಡಿಗೆಯಲ್ಲಿ 10 ಗುಂಟೆಗೆ ಹೊಡೆದು ಎಷ್ಟು ಕ್ಯಾನ್ ಹಿಡಿಯಿತು ಎಂದು ನೋಡಿ. 16 ಲೀಟರಿನ ಮೂರು ಕ್ಯಾನ್ ಆದರೆ ಎಕರೆಗೆ ಹನ್ನೆರಡು ಕ್ಯಾನ್, ಅಂದರೆ ಕ್ಯಾನಿಗೆ 3 ಗ್ರಾಂ. ಎರಡೇ ಕ್ಯಾನ್ ಆದರೆ ಕ್ಯಾನಿಗೆ ನಾಲ್ಕೂವರೆ ಗ್ರಾಂ. ಮುಚ್ಚಳದ ಲೆಕ್ಕದಲ್ಲಿ ಹಾಕಿದರೆ ಒಂದು ಸಾಲಿಗೆ ಕಡಿಮೆ, ಇನ್ನೊಂದಕ್ಕೆ ಹೆಚ್ಚು ಬೀಳುತ್ತದೆ. ನೀರು ಎಲ್ಲಿಯದು ಎಂಬುದೂ ಮುಖ್ಯ. ಕೆರೆಯ ಬಗ್ಗಡ ನೀರು, ಬೋರ್‌ವೆಲ್‌ನ ಗಡಸು ನೀರು ಗ್ಲೈಫೋಸೇಟ್‌ನಂಥ ಔಷಧಿಯ ಶಕ್ತಿಯನ್ನು ಹಿಡಿದುಬಿಡುತ್ತವೆ.

ಗ್ಲೈಫೋಸೇಟ್ ಬಗ್ಗೆ ಒಂದು ಮಾತು. 2022ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಇದನ್ನು ಕೀಟ ನಿಯಂತ್ರಣ ನಿರ್ವಾಹಕರ ಮೂಲಕವಷ್ಟೇ ಬಳಸಬೇಕೆಂದು ಅಧಿಸೂಚನೆ ಹೊರಡಿಸಿತು. ಈಗಿನ ನಿಯಮವೇನೆಂದು ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿಯೇ ಮುಂದುವರಿಯಿರಿ. ಇದಕ್ಕೆ ಬೆಳೆ ಯಾವುದು, ಕಳೆ ಯಾವುದು ಎಂಬ ಭೇದವಿಲ್ಲ, ಹಸಿರು ಭಾಗಕ್ಕೆ ತಾಗಿದರೆ ಬೆಳೆಯೂ ಹೋಗುತ್ತದೆ.

ಔಷಧಿ ಹೊಡೆಯುವಾಗ ಉದ್ದ ತೋಳು, ಕೈಗವಸು, ಬೂಟು, ಕನ್ನಡಕ, ಮುಖಕ್ಕೆ ಮಾಸ್ಕ್ ಇರಲಿ. ಉಳಿದದ್ದನ್ನು ನೀರಿನ ಬಾಟಲಿಗೆ, ತಂಪು ಪಾನೀಯದ ಬಾಟಲಿಗೆ ಎಂದೂ ಸುರಿದಿಡಬೇಡಿ. ಭದ್ರಮುಷ್ಟಿ ಎಂದು ಗಡ್ಡೆ ಆಯ್ದು ಕಷಾಯಕ್ಕೆ ಬಳಸುವವರು, ಮಾರುವವರು ಇದ್ದಾರೆ. ಔಷಧಿ ಬಿದ್ದ ಹೊಲದ ಗಡ್ಡೆ ಅದಕ್ಕೆ ಸಲ್ಲದು.

ಲಕ್ಷಣ: ಭತ್ತದ ಗದ್ದೆಯಲ್ಲಿ ನಾಟಿಯಾದ ಎರಡೇ ವಾರಕ್ಕೆ ಜೇಕಿನ ಹಾಸು

ಕೆಸರುಗದ್ದೆಯ ಜೇಕು ಸಾಮಾನ್ಯವಾಗಿ ತುಂಗೆಯಲ್ಲ, ಗಡ್ಡೆಯಿಲ್ಲದ ವಾರ್ಷಿಕ ಜಾತಿಗಳು. ಉಂಡೆಯಂಥ ಒತ್ತಾದ ಹೂತಲೆಯದು ಸೈಪೆರಸ್ ಡಿಫಾರ್ಮಿಸ್. ಬಿಡಿಬಿಡಿಯಾದ ಹಳದಿ ಮಿಶ್ರಿತ ಹೂಗೊಂಚಲಿನದು, ಬೇರು ಕೆಂಪು ಛಾಯೆಯದು ಸೈಪೆರಸ್ ಐರಿಯಾ. ಬುಡ ಬೀಸಣಿಗೆಯಂತೆ ಚಪ್ಪಟೆಯಿದ್ದರೆ ಫಿಂಬ್ರಿಸ್ಟೈಲಿಸ್ ಮಿಲಿಯೇಸಿಯಾ. ಬೀಜ ಧೂಳಿನಷ್ಟು ಸಣ್ಣ, ಲೆಕ್ಕವಿಲ್ಲದಷ್ಟು. ಮಣ್ಣಿನ ಮೇಲ್ಪದರದಲ್ಲಿದ್ದು ಬೆಳಕು ಸಿಕ್ಕರೆ ಮಾತ್ರ ಮೊಳೆಯುತ್ತವೆ.

ಮೊದಲು ನೀರು ನೋಡಿ. ಜೇಕು ಗದ್ದೆಯ ಎತ್ತರದ ತುದಿಯಲ್ಲಷ್ಟೇ ದಟ್ಟವಾಗಿದ್ದರೆ ದೋಷ ಸಮ ಮಾಡುವುದರಲ್ಲಿದೆ. ನೀರು ನಿಲ್ಲದ ಉಬ್ಬಿನಲ್ಲಿ ಬೀಜಕ್ಕೆ ಬೆಳಕೂ ಗಾಳಿಯೂ ಸಿಗುತ್ತವೆ. ಮುಂದಿನ ಸಲ ಹಲಗೆ ಹೊಡೆಯುವಾಗ ಆ ಉಬ್ಬು ಇಳಿಸಿ, ನಾಟಿ ಬೇರೂರಿದ ಮೇಲೆ 5 ಸೆಂ.ಮೀ. ನೀರು ಬಿಡದೆ ನಿಲ್ಲಿಸಿ. ಡಿಫಾರ್ಮಿಸ್ ಒದ್ದೆ ನೆಲವನ್ನೇ ಇಷ್ಟಪಡುವುದರಿಂದ ನೀರೊಂದಕ್ಕೇ ಪೂರ್ತಿ ಬಗ್ಗುವುದಿಲ್ಲ. ಅದು ಒಂದೂವರೆ ತಿಂಗಳೊಳಗೆ ಬೀಜ ಉದುರಿಸಬಲ್ಲದು, ಹೂ ಬರುವ ಮೊದಲೇ ಕೀಳಬೇಕು.

ಔಷಧಿ ಬೇಕೇ ಬೇಕಾದರೆ ನಾಟಿಯಾದ ಮೂರು ದಿನದೊಳಗೆ ಬೆನ್‌ಸಲ್ಫ್ಯೂರಾನ್ ಮೀಥೈಲ್ 0.6% ಮತ್ತು ಪ್ರೆಟಿಲಾಕ್ಲೋರ್ 6% ಕೂಡಿದ ಹರಳು ಎಕರೆಗೆ 4 ಕೆ.ಜಿ., ಮರಳಲ್ಲಿ ಬೆರೆಸಿ, ತೆಳುನೀರಿನಲ್ಲಿ ಎರಚಿ. ಆ ಹೊತ್ತು ಮೀರಿದ್ದರೆ 15ರಿಂದ 20ನೇ ದಿನಕ್ಕೆ ಬಿಸ್‌ಪೈರಿಬ್ಯಾಕ್ ಸೋಡಿಯಂ 10% ಎಕರೆಗೆ 80ರಿಂದ 100 ಮಿ.ಲೀ. ಇದನ್ನು ಹೊಡೆಯುವ ಮುನ್ನ ನೀರು ಬಸಿದು ಕಳೆಯ ಎಲೆ ಹೊರಗೆ ಕಾಣುವಂತಿರಬೇಕು, ಎರಡು ದಿನದ ಮೇಲೆ ನೀರು ಕಟ್ಟಬೇಕು. ನೀರಲ್ಲಿ ಮುಳುಗಿದ ಜೇಕಿಗೆ ಹೊಡೆದು ಫಲವಿಲ್ಲ ಎನ್ನುವುದೇ ಇಲ್ಲಿ ಹೆಚ್ಚು ಕಾಣುವ ದೋಷ.

ಅಳತೆ, ಕಾಲ, ನೀರು ಎಲ್ಲ ಸರಿಯಿದ್ದೂ ಒಂದೇ ಜಾತಿಯ ಜೇಕು ಮಾತ್ರ ಗದ್ದೆ ತುಂಬ ಉಳಿದಿದ್ದರೆ, ಅದೇ ಔಷಧಿಯನ್ನು ವರ್ಷಗಟ್ಟಲೆ ಹೊಡೆಯುತ್ತ ಬಂದಿದ್ದರೆ, ನಿರೋಧಕ ಶಕ್ತಿ ಬೆಳೆದಿರುವ ಶಂಕೆ ಇದೆ. ಡಿಫಾರ್ಮಿಸ್‌ನಲ್ಲಿ ಇದು ಹಲವು ದೇಶಗಳ ಭತ್ತದ ಗದ್ದೆಗಳಲ್ಲಿ ದೃಢಪಟ್ಟಿದೆ. ಪ್ರಮಾಣ ಹೆಚ್ಚಿಸಬೇಡಿ. ನಿಲ್ಲಿಸಿ, ಕೇಳಿ.

ಲಕ್ಷಣ: ಹುಲ್ಲುಹಾಸಿನಲ್ಲಿ ತೆಳುಹಸಿರು ತೇಪೆ

ದಂಟಿನ ತುದಿಗೆ ಒಂದೇ ಪುಟ್ಟ ಉಂಡೆಯಂಥ ಹೂ, ಮಣ್ಣಿನ ಮೇಲ್ಮೈಯಲ್ಲೇ ಹರಿದ ಬೇರುಕಾಂಡ, ಗಡ್ಡೆ ಇಲ್ಲ: ಇದು ಕಿಲ್ಲಿಂಗ. ನೀರು ಹೆಚ್ಚಾಗಿದೆ, ಹುಲ್ಲನ್ನು ತೀರಾ ಗಿಡ್ಡ ಕತ್ತರಿಸುತ್ತಿದ್ದೀರಿ ಎಂಬುದರ ಸೂಚನೆ. ನೀರಿನ ಅಂತರ ಹೆಚ್ಚಿಸಿ, ಕತ್ತರಿಸುವ ಎತ್ತರ ಏರಿಸಿ, ತೇಪೆಯನ್ನು ನಾಲ್ಕು ಬೆರಳು ಮಣ್ಣಿನೊಡನೆ ಎತ್ತಿ ತೆಗೆಯಿರಿ. ತುಂಗೆಗಿಂತ ಇದು ಬೇಗ ಸೋಲುತ್ತದೆ.

ಲಕ್ಷಣ: ಜೇಕಿಗೆ ಹೊಡೆದ ಮೇಲೆ ಬೆಳೆಯೇ ಮುರುಟಿತು

ಹತ್ತಿ, ದ್ರಾಕ್ಷಿ, ಟೊಮೆಟೊ ಎಲೆ ಕಿರಿದಾಗಿ ಸುರುಳಿ ಸುತ್ತಿದ್ದರೆ ಪಕ್ಕದ ಹೊಲದ 2,4-ಡಿ ಗಾಳಿಯಲ್ಲಿ ಬಂದಿರಬಹುದು, ಇಲ್ಲವೇ ಅದೇ ಕ್ಯಾನಿನಲ್ಲಿ ಉಳಿದದ್ದಿರಬಹುದು. ಕಳೆನಾಶಕಕ್ಕೆ ಒಂದು ಕ್ಯಾನ್ ಬೇರೆಯೇ ಇರಲಿ. ಹಿಂದಿನ ಬೆಳೆಗೆ ಹಾಕಿದ ಕಳೆನಾಶಕ ಮಣ್ಣಲ್ಲಿ ಉಳಿದು ಮುಂದಿನ ದ್ವಿದಳ, ತರಕಾರಿಗೆ ತಾಗುವುದೂ ಉಂಟು, ಚೀಟಿಯ ಮೇಲಿನ ಮರುಬಿತ್ತನೆಯ ಅಂತರ ಓದಿ. ಹೀಗಾದಾಗ ಮೇಲಿಂದ ಮೇಲೆ ಟಾನಿಕ್ ಹೊಡೆಯುತ್ತ ಹೋಗದೆ ಫೋಟೊ ತೆಗೆದಿಟ್ಟು ತಜ್ಞರಿಗೆ ತೋರಿಸಿ.

ಎಲ್ಲಿ ನಿಲ್ಲಿಸಬೇಕು, ಯಾರನ್ನು ಕೇಳಬೇಕು

ಒಂದು ವರ್ಷ ಬೇಸಿಗೆ ಉಳುಮೆ, ಎರಡು ವಾರಕ್ಕೊಮ್ಮೆ ಕಳೆ, ನಡುವೆ ನೆರಳು ಕವಿಯುವ ಅಪ್ಸೆಣಬು ಅಥವಾ ಅಲಸಂದೆ ಇಷ್ಟನ್ನೂ ಮಾಡಿ, ಅದೇ ಜಾಗದಲ್ಲಿ ಒಂದು ಅಡಿ ಚೌಕ ಮತ್ತೆ ಅಗೆದು ಗಡ್ಡೆ ಎಣಿಸಿ. ಜೇಕು ನೆರಳನ್ನು ತಾಳದ ಗಿಡ, ದಟ್ಟ ಬೆಳೆಯಡಿ ಅದರ ಗಡ್ಡೆ ಕಡಿಮೆಯಾಗಲೇಬೇಕು. ಲೆಕ್ಕ ಇಳಿದಿದ್ದರೆ ದಾರಿ ಸರಿಯಿದೆ. ಇಳಿಯದಿದ್ದರೆ ಇನ್ನೊಂದು ಔಷಧಿ ಕೊಳ್ಳುವ ಮೊದಲು ರೈತ ಸಂಪರ್ಕ ಕೇಂದ್ರಕ್ಕೋ ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರಕ್ಕೋ ಹೋಗಿ. ಕಿಸಾನ್ ಕಾಲ್ ಸೆಂಟರ್‌ನ 1800-180-1551 ಸಂಖ್ಯೆಗೂ ಕರೆ ಮಾಡಬಹುದು. ಹೋಗುವಾಗ ಹೂ, ಬೇರು, ಗಡ್ಡೆ ಸಮೇತ ಅಗೆದ ಎರಡು ಗಿಡವನ್ನು ಒದ್ದೆ ಪೇಪರಿನಲ್ಲಿ ಸುತ್ತಿ ಒಯ್ಯಿರಿ. ಹೊಡೆದ ಔಷಧಿಯ ಚೀಟಿ, ತಾರೀಖು, ಕ್ಯಾನಿನ ಲೆಕ್ಕ ಬರೆದ ಹಾಳೆ ಜೊತೆಗಿರಲಿ.

ಔಷಧಿ ಹೊಡೆದವರಿಗೆ ತಲೆಸುತ್ತು, ವಾಂತಿ, ಕಣ್ಣುರಿ, ಉಸಿರಾಟದ ತೊಂದರೆ ಕಂಡರೆ ಬಟ್ಟೆ ಬದಲಿಸಿ, ಮೈಯನ್ನು ಸೋಪು ನೀರಿನಿಂದ ತೊಳೆದು, ಔಷಧಿಯ ಬಾಟಲಿ ಅಥವಾ ಅದರ ಚೀಟಿ ಸಮೇತ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ, 108ಕ್ಕೆ ಕರೆ ಮಾಡಿ. ಬಾಯಿಗೆ ಹೋಗಿದ್ದರೆ ವಾಂತಿ ಮಾಡಿಸಲು ಹೋಗಬೇಡಿ.